ಮೇಷ್ಟ್ರ ಹೆಸರು ಕೊನೆಗೆ

ಎಲ್ಲರಿಗೂ ನಮಸ್ಕಾರ. ‘ಅಧ್ಯಾಪಕರ ಇತ್ತೀಚಿನ ಸಾಧನೆಗಳು’ ಅಂತ ಪ್ರತಿ ಕಾಲೇಜಿನ ವಾರ್ಷಿಕ ವರದಿಯಲ್ಲಿ ಒಂದು ಪುಟ ಇರುತ್ತದೆ. ಬರೆದವರು ಮತ್ತು ಹೆಸರು ಬಂದವರು ಬಿಟ್ಟರೆ ಮೂರನೆಯವರು ಅದನ್ನು ಓದುವುದು ಅಪರೂಪ, ಅಲ್ವಾ? ಇವತ್ತು ಆ ಪುಟದ ಬಗ್ಗೆಯೇ ಮಾತಾಡುತ್ತೇನೆ. ಆದರೆ ನಮ್ಮದಲ್ಲ, ಅಮೆರಿಕದ ಎರಡು ಸಣ್ಣ ಕಾಲೇಜುಗಳದ್ದು. ಮ್ಯಾಸಚೂಸೆಟ್ಸಿನ ವಿಲಿಯಮ್ಸ್ ಕಾಲೇಜು, ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜು. ಎರಡೂ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದರೆ ಸಾಹಿತ್ಯ, ವಿಜ್ಞಾನ ಎಲ್ಲವನ್ನೂ ಪದವಿ ಮಟ್ಟದಲ್ಲಿ ಕಲಿಸುವಂಥವು. ಒಂದೊಂದರಲ್ಲಿ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು, ಹೆಚ್ಚುಕಡಿಮೆ ಎಲ್ಲರೂ ಪದವಿ ತರಗತಿಯವರು. ಪಿಎಚ್‌ಡಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿನ ಮೇಷ್ಟ್ರಿಗೆ ಲ್ಯಾಬಿನಲ್ಲಿ ಕೈಗೆ ಸಿಗುವವರು ನಮ್ಮ ಬಿಎಸ್ಸಿ ಹುಡುಗರ ವಯಸ್ಸಿನವರೇ.

ಬಹುಮಾನ ಅಂತ ಹುಡುಕಿದರೆ ದೊಡ್ಡವೇ ಸಿಗುತ್ತವೆ. 2020ರ ಸಾಹಿತ್ಯದ ನೊಬೆಲ್ ಪಡೆದ ಕವಿ ಲೂಯಿಸ್ ಗ್ಲಿಕ್ ಸುಮಾರು 20 ವರ್ಷ ವಿಲಿಯಮ್ಸ್‌ನಲ್ಲಿ ಪಾಠ ಮಾಡಿದವರು. ನೊಬೆಲ್ ಬರುವ ಹೊತ್ತಿಗೆ ಯೇಲ್‌ನಲ್ಲಿದ್ದರು ಅನ್ನಿ. ನನಗೆ ಅದಕ್ಕಿಂತ ಒಂದು ಹೂವಿನ ಕತೆ ಜಾಸ್ತಿ ಇಷ್ಟ.

ಜೋನ್ ಎಡ್ವರ್ಡ್ಸ್ ವಿಲಿಯಮ್ಸ್‌ನ ಜೀವಶಾಸ್ತ್ರದ ಮೇಡಂ. ಬಂಚ್‌ಬೆರಿ ಅಂತ ಉತ್ತರ ಅಮೆರಿಕದ ಕಾಡಿನಲ್ಲಿ ನೆಲಕ್ಕಂಟಿಕೊಂಡಂತೆ ಬೆಳೆಯುವ ಗಿಡ ಇದೆ. ನೋಡಿದರೆ ನಾಲ್ಕು ಬಿಳಿ ಎಸಳು, ನಡುವೆ ಸಣ್ಣ ಸಣ್ಣ ಹೂಗಳ ಗೊಂಚಲು. ಆ ಪುಟಾಣಿ ಹೂವು ಮುಟ್ಟಿದರೆ ಪಟ್ ಅಂತ ತೆರೆದು ಪರಾಗ ಚಿಮ್ಮಿಸುತ್ತದೆ. ಎಷ್ಟು ಬೇಗ? ಸೆಕೆಂಡಿಗೆ 1,000 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಹಿಡಿದರೂ ಮಸುಕು ಮಸುಕು. ಕೊನೆಗೆ 10,000 ಚಿತ್ರದ ಕ್ಯಾಮೆರಾ ತಂದರು. ಆಗ ಗೊತ್ತಾಗಿದ್ದು, ಹೂವು ಅರ್ಧ ಮಿಲಿಸೆಕೆಂಡಿನೊಳಗೆ ತೆರೆದುಕೊಳ್ಳುತ್ತದೆ ಅಂತ. ಕೇಸರಗಳು ಕವಣೆಯ ಹಾಗೆ ಬೀಸುತ್ತವೆ, ಪರಾಗದ ಮೇಲೆ ಗುರುತ್ವದ 2,400 ಪಟ್ಟು ವೇಗೋತ್ಕರ್ಷ. ರಾಕೆಟ್ಟಿನಲ್ಲಿ ಏರುವ ಗಗನಯಾತ್ರಿಗೆ ಇದು ಮೂರರ ಆಸುಪಾಸು ಅಷ್ಟೇ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು. ಬರೆದವರ ಪಟ್ಟಿಯಲ್ಲಿ ಎಡ್ವರ್ಡ್ಸ್ ಇದ್ದಾರೆ, ಭೌತಶಾಸ್ತ್ರದ ಡ್ವೈಟ್ ವಿಟಕರ್ ಇದ್ದಾರೆ, ಜೊತೆಗೆ ಒಬ್ಬ ವಿದ್ಯಾರ್ಥಿನಿಯೂ ಇದ್ದಾಳೆ.

ಬಾಟನಿಯವರು ಫಿಸಿಕ್ಸ್‌ನವರನ್ನು ಹುಡುಕಿಕೊಂಡು ಹೋಗಬೇಕಾದರೆ ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯಬೇಕು. ನಮ್ಮಲ್ಲೂ ಕುಡಿಯುತ್ತಾರೆ, ಮಾತು ಮಾತ್ರ ಡಿಎ ಬಾಕಿಯ ಮೇಲೆ! ನಗಬೇಡಿ, ನಾನೂ ಅಲ್ಲೇ ಕೂತಿರುತ್ತೇನೆ.

ಆ ವಿಟಕರ್ ಮುಂದೆ ಪೊಮೋನಾಗೆ ಹೋದರು. ಅಲ್ಲಿ ಅವರು ಹಿಡಿದ ಗಿಡ ರುಯೆಲಿಯಾ ಕುಲದ್ದು. ಈ ಕುಲದ ಒಂದು ಗಿಡ ನಿಮಗೆ ಚೆನ್ನಾಗಿ ಗೊತ್ತು. ರಸ್ತೆ ಬದಿ ನೇರಳೆ ಹೂವು ಬಿಡುತ್ತದಲ್ಲ, ಅದರ ಒಣಗಿದ ಕಾಯಿಗೆ ಉಗುಳು ಹಚ್ಚಿ ಅಂಗೈಯಲ್ಲಿಟ್ಟುಕೊಂಡರೆ ಪಟಾರ್ ಅಂತ ಸಿಡಿಯುತ್ತದೆ. ಶಾಲೆಯಲ್ಲಿ ಪಕ್ಕದವರ ಕುತ್ತಿಗೆಯೊಳಗೆ ಹಾಕಿ ಓಡಿದವರು ಇಲ್ಲಿ ಬಹಳ ಜನ ಇದ್ದೀರಿ. ಆ ಸಿಡಿದ ಬೀಜ ಗಾಳಿಯಲ್ಲಿ ಏನು ಮಾಡುತ್ತದೆ ಅಂತ ನಾವ್ಯಾರೂ ಕೇಳಲಿಲ್ಲ. ಪೊಮೋನಾದ ಹುಡುಗರು ಕೇಳಿದರು. ಬಿಲ್ಲೆಯಂಥ ಬೀಜ ಸೆಕೆಂಡಿಗೆ 1,600 ಸುತ್ತಿಗೂ ಜಾಸ್ತಿ ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಹಾಗೆ ತಿರುಗುವುದರಿಂದ ಅದು ಓಲಾಡುವುದಿಲ್ಲ, ಗಾಳಿಯ ತಡೆ ಕಡಿಮೆ, ಹಾಗಾಗಿ ಆರೇಳು ಮೀಟರ್ ದೂರ ಹೋಗಿ ಬೀಳುತ್ತದೆ. 2018ರಲ್ಲಿ ಪ್ರಕಟವಾದ ಈ ಪ್ರಬಂಧದಲ್ಲಿ ಮೊದಲ ಹೆಸರು ಪದವಿ ವಿದ್ಯಾರ್ಥಿಯದು. ಮೇಷ್ಟ್ರ ಹೆಸರು ಕೊನೆಗೆ.

ನಾನು ಹೇಳಬೇಕು ಅಂತ ಬಂದಿದ್ದು ಇದೇ. ಸಾಧನೆಯ ಪಟ್ಟಿ ಓದುವಾಗ ಎಷ್ಟು ಪ್ರಬಂಧ ಅಂತ ಎಣಿಸುವ ಬದಲು ಜೊತೆಗೆ ಯಾರಿದ್ದರು ಅಂತ ನೋಡಿ.

ಇನ್ನೊಬ್ಬರು ಜೇ ಪಸಕಾಫ್, ಖಗೋಳದವರು. 1972ರಲ್ಲಿ ವಿಲಿಯಮ್ಸ್ ಸೇರಿ, 2022ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಜಗತ್ತಿನ ಯಾವ ಮೂಲೆಯಲ್ಲಿ ಸೂರ್ಯಗ್ರಹಣ ಆದರೂ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದರು, ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋಗುವುದು ಅವರ ಪದ್ಧತಿ. 1980ರ ಫೆಬ್ರವರಿ 16ರ ಗ್ರಹಣಕ್ಕೆ ಹೈದರಾಬಾದ್ ಹತ್ತಿರಕ್ಕೂ ಬಂದಿದ್ದರು. ಅವತ್ತು ನಮ್ಮ ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರಿನಲ್ಲಿ ಹಾಡಹಗಲೇ ಕತ್ತಲಾಗಿತ್ತು. ಬಹಳಷ್ಟು ಜನ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು.

‘ಅವರಿಗೇನ್ರೀ, ದುಡ್ಡಿದೆ’ ಅಂತೀರಿ. ನಿಜ. ಆ ಕಾಲೇಜುಗಳ ದತ್ತಿನಿಧಿಯೇ ನೂರಾರು ಕೋಟಿ ಡಾಲರ್. ನಮ್ಮ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಅದರ ಮೇಲೆ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು, ಮೌಲ್ಯಮಾಪನ, ಚುನಾವಣೆ ಡ್ಯೂಟಿ. 2010ರಲ್ಲಿ ಯುಜಿಸಿ ಎಪಿಐ ಅಂತ ಅಧ್ಯಾಪಕರ ಸಾಧನೆ ಅಳೆಯುವ ಅಂಕ ತಂದ ಮೇಲೆ ಬಡ್ತಿಗೆ ಅಂಕ ಬೇಕಾಯಿತು, ಅಂಕಕ್ಕೆ ಪ್ರಬಂಧ ಬೇಕಾಯಿತು, ಪ್ರಬಂಧಕ್ಕೆ ದುಡ್ಡು ಕೊಟ್ಟರೆ ಸುಮ್ನೆ ಛಾಪಿಸಿಕೊಡುವ ಜರ್ನಲ್‌ಗಳು ಹುಟ್ಟಿಕೊಂಡವು. ಇದಕ್ಕೆ ಮೇಷ್ಟ್ರನ್ನು ಮಾತ್ರ ಬೈಯುವುದು ಅನ್ಯಾಯ.

ಆದರೆ ದುಡ್ಡೇ ಎಲ್ಲ ಅನ್ನುವವರಿಗೆ ಬಿ.ಜಿ.ಎಲ್. ಸ್ವಾಮಿ ಅವರನ್ನು ನೆನಪಿಸುತ್ತೇನೆ. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಜೊತೆ ಕೆಲಸ ಮಾಡಿ ಬಂದ ಸಸ್ಯವಿಜ್ಞಾನಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನೇ ‘ಹಸುರು ಹೊನ್ನು’ ಅಂತ ಬರೆದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರ ಆ ಎಪಿಐ ಫಾರಂನಲ್ಲಿ ಬಾಟನಿ ಮೇಷ್ಟ್ರು ಅಂಥದ್ದನ್ನು ಯಾವ ಕಾಲಂನಲ್ಲಿ ತುಂಬಬೇಕಿತ್ತೋ ನನಗಂತೂ ಹೊಳೆಯುತ್ತಿಲ್ಲ.

ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಆ ಪಟಪಟ ಕಾಯಿ ನಿಮ್ಮ ಕಾಲೇಜಿನ ಕಾಂಪೌಂಡಿನ ಪಕ್ಕ ಇದ್ದೇ ಇರುತ್ತದೆ. ಹುಡುಗರ ಫೋನಿನಲ್ಲಿ ಸ್ಲೋಮೋಷನ್ ಇದೆ, ಸೆಕೆಂಡಿಗೆ 240 ಚಿತ್ರ. ಬೀಜ ತಿರುಗುವುದು ಅದರಲ್ಲಿ ಕಾಣುವುದಿಲ್ಲ, ಆದರೆ ಎಷ್ಟು ನೀರಿಗೆ, ಎಷ್ಟು ಹೊತ್ತಿಗೆ ಕಾಯಿ ಸಿಡಿಯುತ್ತದೆ, ಬೀಜ ಎಷ್ಟು ದೂರ ಬೀಳುತ್ತದೆ ಅನ್ನುವುದನ್ನು ಟೇಪು ಹಿಡಿದು ಅಳೆಯಬಹುದು. ತಿರುಗುವುದನ್ನೂ ನೋಡಬೇಕು ಅಂದರೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಹೈಸ್ಪೀಡ್ ಕ್ಯಾಮೆರಾಗಳಿವೆ. ಒಂದು ಈಮೇಲ್ ಬರೆದು ಕೇಳಿ. ಆ ಈಮೇಲನ್ನೂ ಹುಡುಗರ ಕೈಲೇ ಬರೆಸಿ.