ಅನ್ನದ ಸರದಿ ಕೊನೆಗೆ

ಕೇಳುಗರಿಗೆ ನಮಸ್ಕಾರ.

ಶುಗರ್ ಇದೆ ಅಂತ ಗೊತ್ತಾದ ದಿನ ನಮ್ಮಂಥ ಸಸ್ಯಾಹಾರಿಗಳು ಮನಸ್ಸಿನಲ್ಲೇ ಒಂದು ಸಮಾಧಾನ ಹೇಳಿಕೊಳ್ಳುತ್ತೇವೆ. ತಿನ್ನುವುದು ಸೊಪ್ಪು, ಕಾಳು, ತರಕಾರಿ ತಾನೇ, ಸಕ್ಕರೆ ಬಿಟ್ಟರೆ ಆಯ್ತು ಅಂತ. ನಾನೂ ಹಾಗೇ ಅಂದುಕೊಂಡೆ. ಕಾಫಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದೆ. ಮೂರು ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಸಂಖ್ಯೆ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಸಿಟ್ಟೇ ಬಂತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಳತೆ ಕಪ್ ತಂದಿಟ್ಟುಕೊಂಡೆ. ತಟ್ಟೆಗೆ ಬಡಿಸಿಕೊಂಡಿದ್ದ ಅನ್ನವನ್ನು ಅದರಲ್ಲಿ ತುಂಬಿ ತುಂಬಿ ಪಾತ್ರೆಗೆ ವಾಪಸ್ ಸುರಿದೆ. ಒಂದು ಕಪ್ ಇರಬಹುದು ಅಂತ ನನ್ನ ಅಂದಾಜು. ಎರಡೂವರೆ ಕಪ್ ಇತ್ತು! ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಹೆಚ್ಚುಕಡಿಮೆ ಎಲ್ಲವೂ ಪಿಷ್ಟ, ಜೀರ್ಣವಾದಾಗ ಸಕ್ಕರೆಯೇ ಆಗುತ್ತದೆ. ಅಂದರೆ ಅನ್ನ ಒಂದರಿಂದಲೇ 110 ಗ್ರಾಂ ದಾಟಿತು. ಪಕ್ಕದಲ್ಲಿದ್ದ ಆಲೂಗೆಡ್ಡೆ ಬೇರೆ. ನಾನು ತ್ಯಾಗ ಮಾಡಿದ್ದ ಒಂದು ಚಮಚ ಸಕ್ಕರೆಯಲ್ಲಿ ಇದ್ದದ್ದು 4 ಗ್ರಾಂ.

ಡಯಾಬಿಟಿಸ್ ಇರುವವರಿಗೆ ಹೇಳಿಕೊಡುವ ಸುಲಭದ ಲೆಕ್ಕ ಒಂದಿದೆ. 9 ಅಂಗುಲದ ತಟ್ಟೆ ತಗೊಳ್ಳಿ. ಅರ್ಧ ಭಾಗ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಭಾಗ ಅನ್ನವೋ ಗೋಧಿಯದ್ದೋ. ತರಕಾರಿ ಅಂದರೆ ಸೊಪ್ಪು, ಬೀನ್ಸ್, ಕೋಸು, ಬದನೆ, ಸೌತೆ ಇಂಥವು. ಆಲೂಗೆಡ್ಡೆ, ಗೆಣಸು, ಮೆಕ್ಕೆಜೋಳ ಅನ್ನದ ಕಡೆಯವು. ಅವನ್ನು ತರಕಾರಿ ಪಾಲಿಗೆ ಸೇರಿಸಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ.

ಸಸ್ಯಾಹಾರಿಗಳು ತೊಡಕಿಗೆ ಸಿಕ್ಕಿಕೊಳ್ಳುವುದು ಪ್ರೋಟೀನಿನ ಆ ಕಾಲು ಭಾಗದಲ್ಲಿ. ಮಾಂಸ ತಿನ್ನುವವರಿಗೆ ಅಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಬೇಳೆ ಕಾಳು ಹಾಗಲ್ಲ, ಅವಕ್ಕೆ ಎರಡು ಖಾತೆ. ಬೇಯಿಸಿದ ಒಂದು ಕಪ್ ಬೇಳೆಯಲ್ಲಿ 18 ಗ್ರಾಂನಷ್ಟು ಪ್ರೋಟೀನ್ ಇದೆ, 40 ಗ್ರಾಂನಷ್ಟು ಕಾರ್ಬೋಹೈಡ್ರೇಟೂ ಇದೆ. ಹಾಗಂತ ಹೆದರಬೇಡಿ. ಅದರಲ್ಲಿ ಒಂದು ಪಾಲು ನಾರು, ಅದು ಸಕ್ಕರೆ ಆಗುವುದಿಲ್ಲ. ಉಳಿದ ಪಿಷ್ಟವೂ ಕಾಳಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ, ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. ಯಾವ ಆಹಾರ ಎಷ್ಟು ಬೇಗ ಸಕ್ಕರೆ ಏರಿಸುತ್ತದೆ ಅಂತ ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್ ಇದೆಯಲ್ವಾ, 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಯವರು ಕೊಟ್ಟದ್ದು, ಅದರಲ್ಲಿ ಕಾಳುಗಳ ಜಾಗ ಕೆಳಗಿನ ಸಾಲಿನಲ್ಲೇ. ಒಂದು ಹೊತ್ತು ಕಾಳು ತಿಂದರೆ ಮುಂದಿನ ಹೊತ್ತಿನ ಊಟದ ಏರಿಕೆಯೂ ತುಸು ತಗ್ಗುತ್ತದೆ ಅನ್ನುವುದನ್ನೂ ಗಮನಿಸಿದ್ದಾರೆ.

ಆದರೆ ಕಾಳು ಕಾಳಾಗಿರಬೇಕು. ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಬೇಯಿಸಿ, ನೀರು ಹಾಕಿ ತೆಳ್ಳಗೆ ಮಾಡಿ, 'ಇವತ್ತು ಬೇಳೆ ತಿಂದೆ' ಅಂದರೆ ಆಗದು. ಅಲ್ಲಿ ಪ್ರೋಟೀನ್ ಬರೀ ಬಣ್ಣಕ್ಕೆ ಇರುತ್ತದೆ. ಸೌಟು ಹಾಕಿದರೆ ಕಾಳು ಸಿಗಬೇಕು. ಕಾಳಿನ ಜೊತೆಗೆ ಟೋಫು, ಸಪ್ಪೆ ಮೊಸರು ಇಟ್ಟುಕೊಂಡರೆ ಪ್ರೋಟೀನ್ ಸೇರುತ್ತದೆ, ಪಿಷ್ಟ ಹೆಚ್ಚು ಸೇರುವುದಿಲ್ಲ.

ಈಗ ನಾನು ಅಡುಗೆ ಯೋಚಿಸುವುದೇ ಉಲ್ಟಾ. ಮೊದಲೆಲ್ಲ ಅನ್ನಕ್ಕೆ ಏನು ಕಲಸಿಕೊಳ್ಳೋದು ಅಂತ ಶುರುವಾಗುತ್ತಿತ್ತು. ಈಗ ಮೊದಲ ಪ್ರಶ್ನೆ, ನೆನೆದದ್ದು ಯಾವ ಕಾಳು. ವಾರಕ್ಕೆ ಎರಡು ರಾತ್ರಿ ಜಾಸ್ತಿ ಕಾಳು ನೆನೆಹಾಕಿ, ಮರುದಿನ ಬೇಯಿಸಿ, ಒಂದೊಂದು ಹೊತ್ತಿಗೆ ಆಗುವಷ್ಟು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿ ಇಡುತ್ತೇನೆ. ಸುಸ್ತಾಗಿ ಮನೆಗೆ ಬಂದ ದಿನ ಬೆಂದ ಕಾಳು ಕೈಗೆ ಸಿಕ್ಕದಿದ್ದರೆ ಎರಡೂವರೆ ಕಪ್ ಅನ್ನ ಗ್ಯಾರಂಟಿ.

ತಿನ್ನುವ ಕ್ರಮವೂ ಅದೇ. ಮೊದಲು ತರಕಾರಿ, ಆಮೇಲೆ ಕಾಳು, ಅನ್ನ ಕೊನೆಗೆ. ಅದೇ ಊಟ, ಅಷ್ಟೇ ಅಳತೆ, ಸರದಿ ಮಾತ್ರ ಬೇರೆ. ಊಟದ ನಂತರದ ಏರಿಕೆ ಇದರಿಂದ ತಗ್ಗುತ್ತದೆ. ನಂಬಿಕೆ ಬರದಿದ್ದರೆ ಎರಡು ದಿನ ಎರಡು ಥರ ತಿಂದು, ಊಟ ಶುರುಮಾಡಿದ ಎರಡು ಗಂಟೆಗೆ ಗ್ಲುಕೋಮೀಟರ್ ಹಾಕಿ ನೋಡಿ. ತರಕಾರಿ, ಕಾಳು ಮೊದಲೇ ಹೊಟ್ಟೆಗೆ ಹೋದ ಮೇಲೆ ಅನ್ನದ ಕಡೆ ಕೈ ಅಷ್ಟಾಗಿ ಹೋಗುವುದಿಲ್ಲ ಅನ್ನುವುದು ಬೋನಸ್ಸು.

ಹಣ್ಣನ್ನು ಹಣ್ಣಾಗೇ ತಿನ್ನಿ, ಜ್ಯೂಸ್ ಬೇಡ. ಜೇನುತುಪ್ಪವೂ ಸಕ್ಕರೆಯೇ, ಅದರ ಬಗ್ಗೆ ಸುಮ್ನೆ ವಾದ ಮಾಡಬೇಡಿ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಕಿವಿಗೊಡಿ. ಶುಗರ್‌ಗೆ ಬಹಳ ಜನ ನುಂಗುವ ಮೆಟ್ಫಾರ್ಮಿನ್ ಮಾತ್ರೆ, ವರ್ಷಗಟ್ಟಲೆ ತಗೊಂಡರೆ ಬಿ12 ವಿಟಮಿನ್ ಕಡಿಮೆ ಮಾಡಬಹುದು. ಸೊಪ್ಪು ಕಾಳುಗಳಲ್ಲಿ ಬಿ12 ಇಲ್ಲ. ಹಾಲು, ಮೊಸರಿನಲ್ಲಿ ಒಂದಿಷ್ಟು ಸಿಗುತ್ತದೆ. ಅದನ್ನೂ ಬಿಟ್ಟವರಿಗೆ ಎರಡೂ ಕಡೆಯಿಂದ ಪೆಟ್ಟು. ಕಾಲು ಜುಮ್ಮೆಂದರೆ ಶುಗರ್‌ದೇ ಇರಬೇಕು ಅಂತ ಸುಮ್ಮನಿದ್ದುಬಿಡುತ್ತೇವೆ. ಬಿ12 ಕೊರತೆಯಲ್ಲೂ ಕಾಲು ಹಾಗೇ ಜುಮ್ಮೆನ್ನುತ್ತದೆ. ಡಾಕ್ಟರನ್ನು ಕೇಳಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಕಾಳು ಎಷ್ಟು ತಿನ್ನಬೇಕು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.

ಈ ಮಾತು ಕೇಳಿ ಇವತ್ತು ರಾತ್ರಿಯೇ ಅನ್ನ ಅರ್ಧಕ್ಕೆ ಇಳಿಸುವವರು ಇರುತ್ತೀರಿ. ಇನ್ಸುಲಿನ್ ತಗೊಳ್ಳುವವರು, ಇನ್ಸುಲಿನ್ ಜಾಸ್ತಿ ಬರಿಸುವ ಮಾತ್ರೆ ನುಂಗುವವರು ಹಾಗೆ ಮಾಡಬೇಡಿ. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಶುಗರ್ ಏಕಾಏಕಿ ಬೀಳುತ್ತದೆ. ಡಾಕ್ಟರಿಗೆ ಹೇಳಿಯೇ ಇಳಿಸಿ. ಕೈ ನಡುಗಿ, ಬೆವರು ಬಂದು, ಮೀಟರ್ 70ಕ್ಕಿಂತ ಕೆಳಗೆ ತೋರಿಸಿತು ಅಂದುಕೊಳ್ಳಿ. ಆಗ ಕಾಳಿನ ಡಬ್ಬಿ ಹುಡುಕಬೇಡಿ. ಇಷ್ಟು ಹೊತ್ತು ಹೊಗಳಿದೆನಲ್ಲ, ಆ ನಿಧಾನವೇ ಆಗ ಕೈಕೊಡುತ್ತದೆ. ಮೂರ್ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ನಾನು ಹೊರಗೆ ಹೊರಟಾಗ ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಇರುತ್ತದೆ. ಕಾಫಿಗೆ ಬಿಟ್ಟ ಸಕ್ಕರೆ ಅದರಲ್ಲಿದೆ.

ನಮಸ್ಕಾರ.