ಸಣ್ಣ ಉಪಕರಣಗಳ ಕೋಡ್ ಮರುಜೋಡಣೆ

ನಮಸ್ಕಾರ. ಬೆಂಗಳೂರಿನ ಬಸವನಗುಡಿಯ ನಮ್ಮ ಮನೆಯಲ್ಲಿ ಕುಳಿತು ಇಂದು ಕೈಗೆತ್ತಿಕೊಂಡಿರುವುದು, ಕನ್ನಡ ಪಠ್ಯಕ್ಕೆಂದು ನಾನು ಬರೆದ ಕಮಾಂಡ್ ಲೈನ್ (ಆಜ್ಞೆ ಟೈಪಿಸಿ ನಡೆಸುವ) ಉಪಕರಣಗಳ ಸೋರ್ಸ್ ಕೋಡನ್ನು ಮತ್ತೆ ಜೋಡಿಸುವ ಕೆಲಸ. ಒಂದು ಉಪಕರಣ ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುತ್ತದೆ, ಇನ್ನೊಂದು ಅಕ್ಷರಗಳನ್ನು ಎಣಿಸುತ್ತದೆ, ಮತ್ತೊಂದು ಪದಗಳನ್ನು ಹುಡುಕುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ರೆಪೊಸಿಟರಿ, ಅಂದರೆ ಕೋಡ್ ಮತ್ತು ಅದರ ಇತಿಹಾಸದ ಉಗ್ರಾಣ, ಇರುವುದರಿಂದ, ಅಕ್ಷರಗಳನ್ನು ಬಿಡಿಸುವ ಒಂದೇ ಫಂಕ್ಷನ್ (ಕೋಡಿನ ತುಣುಕು) ಎಲ್ಲೆಡೆಯೂ ನಕಲಾಗಿದೆ. ಅದನ್ನೀಗ ಒಂದೇ ಕಡೆಗೆ ತರಬೇಕು.

ಆ ಫಂಕ್ಷನ್ ಸಾಮಾನ್ಯದ್ದಲ್ಲ. ಪರದೆಯ ಮೇಲಿರುವ 'ಕ್ಷಿ'ಯನ್ನು ನೋಡಿ. ಓದುಗರಿಗೆ ಅದು ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕಕಾರ, ಅರ್ಧಾಕ್ಷರ ಮಾಡುವ ವಿರಾಮ (್), ಷಕಾರ, ಗುಡಿಸು ಎಂಬ 4 ಸಂಕೇತಗಳ ಸಾಲು. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್ ಬೇಕಾಗಿರುವುದರಿಂದ ಕಡತದಲ್ಲಿ ಅದು 12 ಬೈಟ್ ಹಿಡಿಯುತ್ತದೆ. ಇಂತಹ ಲೆಕ್ಕ ಒಂದೇ ಕಡೆ ಇದ್ದು, ಅಲ್ಲಿಯೇ ಪರೀಕ್ಷೆಗೆ ಒಳಪಡಬೇಕು. ಆಯ್ಕೆಗಳನ್ನು ಓದುವ, ಸಹಾಯದ ಪಠ್ಯ ತೋರಿಸುವ ನಾಲ್ಕಾರು ಸಾಲುಗಳನ್ನು ಮಾತ್ರ ಆಯಾ ಉಪಕರಣದಲ್ಲಿಯೇ ಉಳಿಸುತ್ತೇನೆ. ಅವುಗಳನ್ನೂ ಒಟ್ಟುಗೂಡಿಸಿದರೆ ಒಂದನ್ನು ತಿದ್ದುವಾಗ ಉಳಿದೆಲ್ಲವನ್ನೂ ನೋಡಬೇಕಾಗುತ್ತದೆ.

ಮುಕ್ತ ತಂತ್ರಾಂಶದ ಗ್ನೂ ಯೋಜನೆಯಲ್ಲಿಯೂ ಹಿಂದೆ ಕಡತ, ಶೆಲ್ (ಟೈಪಿಸಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ಮತ್ತು ಪಠ್ಯದ ಉಪಕರಣಗಳು 3 ಪ್ರತ್ಯೇಕ ಪ್ಯಾಕೇಜುಗಳಾಗಿದ್ದವು. ಅವು ಕೋರ್‌ಯುಟಿಲ್ಸ್ ಎಂಬ ಒಂದೇ ಪ್ಯಾಕೇಜಿನಲ್ಲಿ ಸೇರಿದ ಮೇಲೂ, ಬಳಸುವವರು ಟರ್ಮಿನಲ್‌ನಲ್ಲಿ ಟೈಪಿಸುವ ಎಲ್ಎಸ್, ಸಾರ್ಟ್, ಡಬ್ಲ್ಯುಸಿ ಎಂಬ ಹೆಸರುಗಳು ಹಾಗೆಯೇ ಉಳಿದವು. ಬಿಜಿಬಾಕ್ಸ್ ಎಂಬ ಇನ್ನೊಂದು ತಂತ್ರಾಂಶ ಇನ್ನೂ ಮುಂದೆ ಹೋಗಿ, ತನ್ನನ್ನು ಯಾವ ಹೆಸರಿನಿಂದ ಕರೆದರೆಂದು ನೋಡಿಕೊಂಡು ಒಂದೇ ಪ್ರೋಗ್ರಾಮಿನಿಂದ ಹಲವು ಉಪಕರಣಗಳ ಕೆಲಸ ಮಾಡುತ್ತದೆ. ಜಾಗ ಕಡಿಮೆಯಿರುವ ಯಂತ್ರಗಳಿಗೆ ಅದು ಸೊಗಸಾದ ದಾರಿ, ನನಗೆ ಅದರ ಅಗತ್ಯವಿಲ್ಲ.

ಇನ್ನು ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್. ಕಡತದ ಹೆಸರು ಬದಲಾದದ್ದನ್ನು ಗಿಟ್ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದಿಲ್ಲ; ಹಳೆಯ ಮತ್ತು ಹೊಸ ಕಡತಗಳ ಒಳಗಿರುವುದನ್ನು ಹೋಲಿಸಿ, ಸಾಮಾನ್ಯವಾಗಿ ಶೇಕಡಾ 50ರಷ್ಟಾದರೂ ಹೋಲಿಕೆ ಕಂಡರೆ ಸ್ಥಳಾಂತರವೆಂದು ಊಹಿಸುತ್ತದೆ. ಆದ್ದರಿಂದ ಮೊದಲ ಕಮಿಟ್‌ನಲ್ಲಿ (ಇತಿಹಾಸದಲ್ಲಿ ಒಮ್ಮೆಗೆ ದಾಖಲಿಸುವ ಬದಲಾವಣೆ) ಕಡತಗಳನ್ನು ಸರಿಸುವುದಷ್ಟೇ ನಡೆಯಬೇಕು, ತಿದ್ದುಪಡಿಗಳು ಮುಂದಿನ ಕಮಿಟ್‌ಗಳಲ್ಲಿ ಬರಬೇಕು. ಒಂದು ಸಾಲನ್ನು ಯಾಕೆ ಬರೆದೆವೆಂದು ಹುಡುಕುವವರಿಗೆ ಇತಿಹಾಸ ಕಡಿಯದೆ ಸಿಗುವುದು ಹೀಗೆ ಮಾಡಿದಾಗಲೇ.

ಸರಿಸುವ ಮುನ್ನ ಪ್ರತಿ ಉಪಕರಣದ ಔಟ್‌ಪುಟ್, ದೋಷಸಂದೇಶ ಮತ್ತು ಎಕ್ಸಿಟ್ ಕೋಡ್‌ಗಳನ್ನು (ಕೆಲಸ ಮುಗಿದಾಗ ಪ್ರೋಗ್ರಾಮು ಹಿಂತಿರುಗಿಸುವ ಅಂಕಿ) ಬೇರೆ ಬೇರೆಯಾಗಿ ಉಳಿಸಿಕೊಂಡಿದ್ದೇನೆ. ಪ್ರತಿ ಕಮಿಟ್ ಆದ ಮೇಲೆ ಡಿಫ್ ಎಂಬ ಉಪಕರಣ ಅವುಗಳನ್ನು ಹೊಸ ಫಲಿತಾಂಶಗಳೊಂದಿಗೆ ಹೋಲಿಸುತ್ತದೆ. ಪಠ್ಯ ಹುಡುಕುವ ಗ್ರೆಪ್‌ನಂತೆ ನನ್ನ ಹುಡುಕುವ ಉಪಕರಣವೂ ಪದ ಸಿಕ್ಕರೆ 0, ಸಿಗದಿದ್ದರೆ 1, ದೋಷವಾದರೆ 2 ಎಂದು ಹಿಂತಿರುಗಿಸುತ್ತದೆ. ಆ ಅಂಕಿಗಳನ್ನು ನಂಬಿ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ನಡೆಸುವ ಕಡತ) ಬರೆದುಕೊಂಡಿರುವ ಗೆಳೆಯರಿದ್ದಾರೆ. ಅವರು ಇಂದು ಸಂಜೆ ಹೊಸ ಆವೃತ್ತಿಯನ್ನು ಹಾಕಿಕೊಂಡರೆ, ಆ ಸ್ಕ್ರಿಪ್ಟ್‌ಗಳ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.