ಪುನರ್ವಸು ಮಳೆಗೆ ಟೆಂಟಿನ ಮೇಲೊಂದು ಮಾಡು

ಈಗ ಪರದೆಯ ಮೇಲೆ ಕಾಣುತ್ತಿರುವ ಈ ಹಸಿರು ಟೆಂಟು ಇಬ್ಬರು ಮಲಗುವಷ್ಟು ದೊಡ್ಡದು. ಉದ್ದ 7 ಅಡಿ, ಅಗಲ 5 ಅಡಿ, ನಡುಮಧ್ಯದಲ್ಲಿ ಎತ್ತರ 4 ಅಡಿ. ಇದರ ಚೀಲದ ಮೇಲೆ 1,500 ಮಿ.ಮೀ ಎಂದು ಮುದ್ರಿಸಿರುವುದನ್ನು ನೋಡಿ, ಅಷ್ಟು ಮಳೆಯನ್ನು ಇದು ತಡೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಬಟ್ಟೆಯ ಮೇಲೆ ನಿಲ್ಲಿಸಿದ ನೀರಿನ ಕಂಬ ಎಷ್ಟು ಎತ್ತರಕ್ಕೆ ಏರಿದಾಗ ಆ ಬಟ್ಟೆ ಜಿನುಗಲು ಆರಂಭಿಸುತ್ತದೆ ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಹೊಲಿಗೆಯ ಸೂಜಿ ತೂತುಗಳ ಬಗ್ಗೆಯಾಗಲಿ, ಜಿಪ್ಪಿನ ಸಂದಿಯ ಬಗ್ಗೆಯಾಗಲಿ, ಗಾಳಿಗೆ ಅಡ್ಡಡ್ಡ ಬಡಿಯುವ ಇರಚಲಿನ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ.

ನಾವಿರುವುದು ತೀರ್ಥಹಳ್ಳಿ ಸೀಮೆಯಲ್ಲಿ, ಗೆಳೆಯರೊಬ್ಬರ ಅಡಿಕೆ ತೋಟದ ಮೇಲಿನ ಹಕ್ಕಲಿನಲ್ಲಿ, ಅಂದರೆ ಸಾಗುವಳಿಯಿಲ್ಲದ ಜಾಗದಲ್ಲಿ. ಕಾಡಿನೊಳಗೆ ಟೆಂಟು ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಾರಣ, ಜಮೀನಿನ ಯಜಮಾನರನ್ನು ಕೇಳಿ ಇಂಥ ಜಾಗದಲ್ಲಿ ಉಳಿಯುವುದನ್ನೇ ನಾನು ಇಷ್ಟಪಡುತ್ತೇನೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ಜುಲೈ ತಿಂಗಳ ಪುನರ್ವಸು ಮಳೆ ಹಿಡಿಯಿತೆಂದರೆ ಹಗಲು ರಾತ್ರಿಗಳ ವ್ಯತ್ಯಾಸವಿಲ್ಲದೆ ಜಡಿಯುತ್ತದೆ. ಇಂಥ ಮಳೆಯಲ್ಲಿ ಟೆಂಟಿನ ಬಟ್ಟೆಯೊಂದನ್ನೇ ನಂಬಿ ಮಲಗುವುದು ಸರಿಯಲ್ಲ, ಟೆಂಟಿಗೆ ತಾಗದಂತೆ ಅದರ ಮೇಲೆ ಪ್ರತ್ಯೇಕವಾದ ಮಾಡೊಂದನ್ನು, ಅಂದರೆ ಚಾವಣಿಯೊಂದನ್ನು, ಕಟ್ಟಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಾಗದಂತೆ ಎಂಬ ಮಾತಿಗೆ ಕಾರಣವಿದೆ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಟೆಂಟಿಗೆ ಹೊದಿಸಿದರೆ ಹೊರಗಿನ ನೀರು ನಿಲ್ಲುವುದೇನೋ ನಿಜ, ಆದರೆ ಮಲಗಿದವರ ಉಸಿರು ಮತ್ತು ಮೈಯಿಂದ ರಾತ್ರಿಯಿಡೀ ಹೊರಡುವ ಆವಿ ಹೋಗಲು ದಾರಿ ಕಾಣದೆ ತಣ್ಣನೆಯ ಬಟ್ಟೆಯ ಒಳಮೈಗೆ ಹನಿಗಟ್ಟಿ, ಬೆಳಗಿನ ಜಾವದ ಹೊತ್ತಿಗೆ ಹಾಸಿಗೆಯ ಮೇಲೆಯೇ ತೊಟ್ಟಿಕ್ಕುತ್ತದೆ. ಟೆಂಟು ಸೋರಿತು ಎಂದು ದೂರುವವರಲ್ಲಿ ಎಷ್ಟೋ ಮಂದಿ ಒದ್ದೆಯಾಗಿರುವುದು ತಮ್ಮದೇ ಉಸಿರಿನ ನೀರಿನಿಂದ. ಮಾಡಿಗೂ ಟೆಂಟಿಗೂ ನಡುವೆ ಕನಿಷ್ಠ 1 ಅಡಿ ಅಂತರವಿದ್ದರೆ ಅಲ್ಲಿ ಗಾಳಿಯಾಡುತ್ತದೆ. ಮೇಲೆ ಮಾಡು ಇರುವುದರಿಂದ ಟೆಂಟಿನ ಗಾಳಿಕಿಂಡಿಗಳನ್ನು ಮಳೆಯಲ್ಲೂ ಧೈರ್ಯವಾಗಿ ತೆರೆದಿಡಬಹುದು.

ಈ ಮಾಡಿಗೆ ನಾನು ಆರಿಸಿಕೊಂಡಿರುವುದು ಅಡಿಕೆ ಬೆಳೆಗಾರರ ಮನೆಗಳಲ್ಲೆಲ್ಲ ಕಾಣುವ ಸಿಲ್ಪಾಲಿನ್ ಹಾಳೆಯನ್ನು. ಅಗ್ಗದ ನೀಲಿ ಟಾರ್ಪಾಲು ಹೆಣೆದ ಪ್ಲಾಸ್ಟಿಕ್ ಎಳೆಗಳ ಮೇಲೆ ತೆಳ್ಳನೆಯ ಪದರ ಬಳಿದದ್ದು; ಬಿಸಿಲಿಗೂ ಮಡಿಕೆಗೂ ಸಿಕ್ಕಿ ಆ ಪದರ ಬಿರಿದರೆ ಎಳೆಗಳ ನಡುವಿನಿಂದ ನೀರು ಇಳಿಯುತ್ತದೆ. ಸಿಲ್ಪಾಲಿನ್‌ನಲ್ಲಿ ಪ್ಲಾಸ್ಟಿಕ್ ಪದರಗಳನ್ನು ಅಡ್ಡಡ್ಡಲಾಗಿ ಬೆಸೆದಿರುವುದರಿಂದ ತೂಕ ಕಡಿಮೆಯಿದ್ದರೂ ಅದು ಸುಲಭವಾಗಿ ಹರಿಯುವುದಿಲ್ಲ. 15 ಅಡಿ ಉದ್ದ, 12 ಅಡಿ ಅಗಲದ, 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ) ದಪ್ಪದ ಹಾಳೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಬೆನ್ನಿಗೆ ಹೊರೆಯೆನಿಸುವುದಿಲ್ಲ.

ಅಳತೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಮರಗಳ ನಡುವೆ ಎಳೆದು ಹಾಳೆಯನ್ನು ಹೊದಿಸುವ ನಡುಹಗ್ಗವನ್ನು ನೆಲದಿಂದ 5 ಅಡಿ ಎತ್ತರದಲ್ಲಿ ಕಟ್ಟಿ, ಹಾಳೆಯ ಎರಡೂ ಅಂಚುಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಇಳಿಸಿದರೆ, ಒಂದೊಂದು ಬದಿಯಲ್ಲಿ ಹಾಳೆ ಸುಮಾರು 4.9 ಅಡಿ ದೂರದವರೆಗೆ ಚಾಚಿಕೊಳ್ಳುತ್ತದೆ. 5 ಅಡಿ ಅಗಲದ ಟೆಂಟಿನ ಇಕ್ಕೆಲಗಳಲ್ಲಿ ಎರಡು ಅಡಿಗೂ ಹೆಚ್ಚು ಸೂರು ಸಿಗುತ್ತದೆ, ತಲೆ ಮತ್ತು ಕಾಲಿನ ದಿಕ್ಕುಗಳಲ್ಲಿ ತಲಾ 4 ಅಡಿ ಉಳಿಯುತ್ತದೆ. ಒದ್ದೆ ಚಪ್ಪಲಿ, ಬೆನ್ನುಚೀಲ, ಇಂಬಳಕ್ಕೆಂದು (ಜಿಗಣೆಗೆಂದು) ತಂದ ಉಪ್ಪಿನ ಗಂಟು ಎಲ್ಲಕ್ಕೂ ಆ ನಾಲ್ಕು ಅಡಿ ಸಾಕು. ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ ಮಳೆ ಬಿದ್ದರೆ ಅದು 1 ಲೀಟರ್ ನೀರು. ನಮ್ಮ ಮಾಡು ಮುಚ್ಚುವ ನೆಲ ಸುಮಾರು 13.5 ಚದರ ಮೀಟರ್ ಇರುವುದರಿಂದ, ರಾತ್ರಿಯೊಂದರಲ್ಲಿ 100 ಮಿ.ಮೀ ಮಳೆ ಬಂದರೆ 1,350 ಲೀಟರ್ ನೀರು ಈ ಹಾಳೆಯ ಮೇಲಿಂದ ಹರಿದು ಹೋಗಬೇಕಾಗುತ್ತದೆ. ಹಾಳೆ ಎಲ್ಲಿಯಾದರೂ ಅಂಗೈ ಅಗಲದಷ್ಟು ಜೋತರೂ ನೀರು ಅಲ್ಲಿ ತಂಗಿ, ಆ ಭಾರಕ್ಕೆ ಮತ್ತಷ್ಟು ಜೋತು, ಕೊನೆಗೆ ಹಗ್ಗವನ್ನೋ, ಹಗ್ಗ ಕಟ್ಟಲು ಹಾಳೆಯ ಅಂಚಿನಲ್ಲಿರುವ ಕಣ್ಣನ್ನೋ ಕಿತ್ತುಕೊಂಡು ಕೆಳಗಿಳಿಯುತ್ತದೆ. ಆದ್ದರಿಂದಲೇ ಇಳಿಜಾರು ಮತ್ತು ಬಿಗಿ ಎರಡರಲ್ಲೂ ನಾನು ರಾಜಿಯಾಗುವುದಿಲ್ಲ.

ನಡುಹಗ್ಗಕ್ಕೆ ನೈಲಾನ್ ಬೇಡ. ಅದು ನೀರು ಕುಡಿದು ಉದ್ದವಾಗುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿಗೆ ಸಡಿಲವಾಗಿರುತ್ತದೆ. ಪಾಲಿಯೆಸ್ಟರ್ ಹಗ್ಗದಲ್ಲಿ ಈ ತೊಂದರೆ ಬಹಳ ಕಡಿಮೆ. ಕಟ್ಟುವ ಮರಗಳ ವಿಚಾರದಲ್ಲೂ ಎಚ್ಚರಿಕೆ ಬೇಕು. ಅಡಿಕೆ ಮರಗಳು ಗಾಳಿಗೆ ತೂಗುತ್ತವೆ, ಅವುಗಳ ಸೋಗೆ ಯಾವಾಗ ಕಳಚಿ ಬೀಳುತ್ತದೆಂದು ಹೇಳಲಾಗದು. ಇಲ್ಲಿ ನಾವು ತೋಟವನ್ನು ಬಿಟ್ಟು ಹಕ್ಕಲಿನ ಎರಡು ನೇರಳೆ ಮರಗಳನ್ನು ಆರಿಸಿಕೊಂಡು, ಮೇಲೆ ಒಣಗಿದ ಕೊಂಬೆ ಇಲ್ಲವೆಂದು ನೋಡಿಕೊಂಡೇ ಹಗ್ಗ ಎಳೆದಿದ್ದೇವೆ. ಗುಡುಗು ಮಿಂಚು ಇರುವ ಹೊತ್ತಿನಲ್ಲಿ ಮಾತ್ರ ಮರದಡಿಯ ಟೆಂಟಿನಲ್ಲಿ ಕೂರಬೇಡಿ. ಯಾವ ಮಾಡೂ ಸಿಡಿಲನ್ನು ತಡೆಯುವುದಿಲ್ಲ, ಮನೆಯೊಳಗೆ ಹೋಗಿಬಿಡಿ.

ಈಗ ಕ್ಯಾಮೆರಾವನ್ನು ಹಾಳೆಯ ಮೂಲೆಗೆ ಹತ್ತಿರ ತರುತ್ತೇನೆ. ಹಾಳೆಯ ಕಣ್ಣುಗಳಿಗೇ ಹಗ್ಗ ಬಿಗಿದರೆ ಗಾಳಿಯ ಜಗ್ಗಾಟಕ್ಕೆ ಮೊದಲು ಸೋಲುವುದು ಅವೇ. ಅದಕ್ಕೆ ಬದಲಾಗಿ ಒಂದಿಂಚು ದಪ್ಪದ, ಮೂಲೆಗಳಿಲ್ಲದ ನುಣುಪಾದ ಹೊಳೆಗಲ್ಲೊಂದನ್ನು ಹಾಳೆಯ ಒಳಮಗ್ಗುಲಿಗೆ ಹಿಡಿದು, ಹಾಳೆಯನ್ನು ಅದರ ಸುತ್ತ ಮುದುಡಿ, ಕಲ್ಲಿನ ಬುಡದಲ್ಲಿ ಮುದುಡಿದ ಹಾಳೆಯ ಕುತ್ತಿಗೆಗೆ ಹುರಿಯನ್ನು ಎರಡು ಸುತ್ತು ಹಾಕಿ ಬಿಗಿಯಿರಿ. ಹಾಳೆಯಲ್ಲಿ ತೂತೇ ಬೀಳುವುದಿಲ್ಲ, ಎಳೆತವೆಲ್ಲ ಕಲ್ಲಿನ ಸುತ್ತ ಹಂಚಿಹೋಗುತ್ತದೆ, ಬೇಕೆಂದಲ್ಲಿ ಹೊಸ ಕಟ್ಟು ಹಾಕಿಕೊಳ್ಳಬಹುದು. ನಡುಹಗ್ಗದ ಎರಡು ತುದಿಗಳಲ್ಲಿ ಹಾಳೆಯನ್ನು ಹಿಡಿದಿರುವುದು ಪ್ರುಸಿಕ್ ಗಂಟು. ಹಗ್ಗಕ್ಕಿಂತ ಸಣ್ಣ ಹುರಿಯ ಕುಣಿಕೆಯೊಂದನ್ನು ಹಗ್ಗದ ಮೇಲೆ ಮೂರು ಸುತ್ತು ಸುತ್ತಿದರೆ, ಭಾರ ಬಿದ್ದಾಗ ಅದು ಕಚ್ಚಿ ನಿಲ್ಲುತ್ತದೆ, ಭಾರ ತೆಗೆದು ಕೈಯಿಂದ ಸರಿಸಿದರೆ ಜಾರುತ್ತದೆ. ಹಾಳೆ ಸಡಿಲವಾದಾಗ ಕತ್ತಲಲ್ಲೂ ಬಿಗಿ ಮಾಡಲು ಇದಕ್ಕಿಂತ ಸುಲಭದ ಉಪಾಯ ನನಗೆ ತಿಳಿದಿಲ್ಲ. ಮರದಿಂದ ಹಗ್ಗದ ಗುಂಟ ಇಳಿದು ಬರುವ ನೀರು ಮಾಡಿನೊಳಗೆ ಸೇರದಂತೆ, ಹಾಳೆ ಆರಂಭವಾಗುವ ಮೊದಲೇ ಹಗ್ಗಕ್ಕೆ ಗೇಣುದ್ದದ ದಾರವನ್ನು ಇಳಿಬಿಟ್ಟಿದ್ದೇನೆ. ನೀರು ಆ ದಾರವನ್ನು ಹಿಡಿದು ನೆಲಕ್ಕೆ ಹೋಗುತ್ತದೆ. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಟೆಂಟಿನ ಜೊತೆ ಬರುವ ಸಣ್ಣ ಕಬ್ಬಿಣದ ಮೊಳೆಗಳು ನಿಲ್ಲುವುದಿಲ್ಲವಾದ್ದರಿಂದ, ಅಡಿಕೆ ದಬ್ಬೆಯನ್ನು (ಅಡಿಕೆ ಮರದ ಸೀಳನ್ನು) ಒಂದೂವರೆ ಅಡಿಗೆ ಕಡಿದು, ತುದಿ ಚೂಪು ಮಾಡಿ, ಗೂಟಗಳನ್ನು ಓರೆಯಾಗಿ ಹೊಡೆದಿದ್ದೇವೆ.

ಮಾಡು ಆದ ಮೇಲೆ ಉಳಿಯುವುದು ಗಾಳಿ ಬೀಸುವ ದಿಕ್ಕಿನ ಇರಚಲು. ಮಲೆನಾಡಿನ ಮನೆಗಳಲ್ಲಿ ಜಗಲಿಗೆ ಸೋಗೆಯ ತಟ್ಟಿ ಕಟ್ಟುವ ಉದ್ದೇಶವೂ ಇದೇ. ಟೆಂಟಿನ ತಲೆಯ ಕಡೆಗೆ ನಾನು ಇಳಿಬಿಟ್ಟಿರುವುದು ಪಟಿಕ ಮತ್ತು ಸೋಪಿನಲ್ಲಿ ಅದ್ದಿದ ದಪ್ಪ ಹತ್ತಿಯ ಬಟ್ಟೆ. ಇದು ಬಹಳ ಹಳೆಯ ವಿಧಾನ, ನನಗೆ ಅತ್ಯಂತ ಪ್ರಿಯವಾದದ್ದೂ ಹೌದು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂನಂತೆ ಬಟ್ಟೆ ಸೋಪನ್ನು ತುರಿದು ಕರಗಿಸಿ, ಬಟ್ಟೆಯನ್ನು ಚೆನ್ನಾಗಿ ನೆನೆಸಿ ಹಿಂಡಬೇಕು. ಆಮೇಲೆ ಲೀಟರಿಗೆ 30 ಗ್ರಾಂನಂತೆ ಪಟಿಕ ಕರಗಿಸಿದ ಇನ್ನೊಂದು ಬಿಸಿನೀರಿನಲ್ಲಿ ಅದ್ದಿ, ಹಿಂಡದೆ ಹರಡಿ ಒಣಗಿಸಬೇಕು. ಸೋಪಿನಲ್ಲಿರುವ ಕೊಬ್ಬಿನ ಆಮ್ಲಗಳು ಪಟಿಕದ ಅಲ್ಯುಮಿನಿಯಂ ಜೊತೆ ಸೇರಿ, ನೀರಿನಲ್ಲಿ ಕರಗದ ಜಿಡ್ಡಿನಂಥ ಪದಾರ್ಥವಾಗಿ ಎಳೆಗಳಿಗೆ ಅಂಟಿಕೊಳ್ಳುತ್ತವೆ. ಗಾಳಿ ಹಾಯುತ್ತದೆ, ಹನಿ ಮಾತ್ರ ಜಾರಿಹೋಗುತ್ತದೆ. ಡಿಟರ್ಜೆಂಟ್‌ನಿಂದ ಈ ಕೆಲಸವಾಗದು, ಎಣ್ಣೆಯಿಂದ ತಯಾರಾದ ಸೋಪೇ ಆಗಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳಿಗೂ ಇದು ಹೊಂದುವುದಿಲ್ಲ. ನೇರ ಜಡಿಮಳೆಯನ್ನು ತಡೆಯುವ ಶಕ್ತಿ ಇದಕ್ಕಿಲ್ಲ, ಇರಚಲಿಗೆ ಧಾರಾಳವಾಗಿ ಸಾಕು.

ಟೆಂಟಿನ ಹೊಲಿಗೆಗಳನ್ನು ಮಾತ್ರ ಮನೆಯಲ್ಲೇ, ಹೊರಡುವ ಮೊದಲೇ ಸರಿಮಾಡಿಕೊಳ್ಳಬೇಕು. ಇಲ್ಲಿ ಬಟ್ಟೆಯ ಜಾತಿ ತಿಳಿಯುವುದು ಮುಖ್ಯ. ಸಿಲಿಕಾನ್ ಲೇಪನದ ಬಟ್ಟೆಗೆ ಸಿಲಿಕಾನ್ ಸೀಲಂಟ್ (ತೂತು ಮುಚ್ಚುವ ಅಂಟು) ಬಿಟ್ಟು ಬೇರೇನೂ ಸರಿಯಾಗಿ ಹಿಡಿಯುವುದಿಲ್ಲ. ಪಾಲಿಯುರೆಥೇನ್ ಲೇಪನದ ಬಟ್ಟೆಗೆ ಅದೇ ಜಾತಿಯ ಸೀಲರ್ ಬೇಕು. ಮೂಲೆಯಲ್ಲಿ ಒಂದು ಹನಿ ಹಚ್ಚಿ, ಮರುದಿನ ಉಗುರಿನಿಂದ ಕೆರೆದು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಪ್ಪಟ ಸಿಲಿಕಾನ್ ಸೀಲಂಟಿಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸೇರಿಸಿ, ದೋಸೆಹಿಟ್ಟಿನ ಹದಕ್ಕೆ ಕದಡಿ, ಸಣ್ಣ ಬ್ರಷ್‌ನಿಂದ ಹೊಲಿಗೆಯ ಮೇಲೆ ತೆಳ್ಳಗೆ ಎಳೆಯಬೇಕು. ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಲಿ. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಯೇ ಆದ್ದರಿಂದ ಮಳೆಗಾಲದ ಮೋಡದ ದಿನವೂ ಅಡ್ಡಿಯಿಲ್ಲ, ಒಂದು ದಿನ ಬಿಟ್ಟು ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಅಂಟು ಹೋಗುತ್ತದೆ.

ನೆಲಹಾಸಿನ ಪ್ಲಾಸ್ಟಿಕ್ ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ನಾಲ್ಕು ಬೆರಳಿನಷ್ಟು ಚಿಕ್ಕದಿರಲಿ. ಹೊರಗೆ ಇಣುಕಿದರೆ ಅದು ಸೂರಿನ ನೀರನ್ನು ಹಿಡಿದು ನಿಮ್ಮ ಬೆನ್ನಡಿಗೇ ತರುತ್ತದೆ.

ಕಟ್ಟುವಾಗ ಮಾಡು ಮೊದಲು, ಬಿಚ್ಚುವಾಗ ಮಾಡು ಕೊನೆಗೆ. ಹಾಗೆ ಮಾಡಿದರೆ ಎಂಥ ಮಳೆಯಲ್ಲೂ ಟೆಂಟನ್ನು ಒಣಗಿದ ನೆಲದ ಮೇಲೆ ಬಿಡಿಸಿ, ಒಣಗಿದ್ದಂತೆಯೇ ಮಡಿಚಿ ಚೀಲಕ್ಕೆ ಹಾಕಬಹುದು. ಒದ್ದೆ ಹಾಳೆಯನ್ನು ಬೇರೆ ಚೀಲದಲ್ಲಿ ಒಯ್ಯಿರಿ. ಪಾಲಿಯುರೆಥೇನ್ ಲೇಪನ ತೇವದಲ್ಲಿ ಮಡಿಚಿಟ್ಟರೆ ನಿಧಾನವಾಗಿ ಕೊಳೆತು ಅಂಟಂಟಾಗಿ ಸುಲಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಒಮ್ಮೆ ಹಾಗಾದ ಟೆಂಟನ್ನು ಸರಿಮಾಡುವುದು ಬಹಳ ಕಷ್ಟ. ಊರಿಗೆ ಮರಳಿದ ದಿನವೇ ಟೆಂಟು, ಹಾಳೆ, ಪಟಿಕದ ಬಟ್ಟೆ ಮೂರನ್ನೂ ಫ್ಯಾನಿನ ಕೆಳಗೆ ಹರಡಿ, ಹೊಲಿಗೆಯ ಮಡಿಕೆಗಳನ್ನು ಬೆರಳಿನಿಂದ ಮುಟ್ಟಿ ತೇವವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಎತ್ತಿಡಿ.